ಹಳೆಯ ಕೋವಿ, ಹೊಸ ಮದ್ದು

ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಹಾಕುವ ಹವ್ಯಾಸ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಹಳೆಯ ಕೋವಿಗಳನ್ನು ಸಂಗ್ರಹಿಸುವವರೂ ಲೋಕದಲ್ಲಿ ಕಡಮೆಯಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪುಸುಲ್ತಾನನಿಗಾಗಿ ತಯಾರಾದ, ಹುಲಿಪಟ್ಟೆಯ ಅಲಂಕಾರವುಳ್ಳ ಆಯುಧಗಳು 1799ರ ಬಳಿಕ ಸಮುದ್ರವನ್ನು ದಾಟಿ ಹೋದುವು. ಅಂಥ ಹಲವು ಖಡ್ಗಗಳೂ ಕೋವಿಗಳೂ 2015ರಲ್ಲಿ ಲಂಡನ್ನಿನ ಒಂದು ಹರಾಜಿಗೆ ಬಂದಾಗ ದೊಡ್ಡ ಬೆಲೆಗೆ ಮಾರಾಟವಾದುವು.

ಆದರೆ ನಾಣ್ಯಕ್ಕೂ ಕೋವಿಗೂ ಒಂದು ಅಂತರವಿದೆ. ನಾಣ್ಯವು ಪೆಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕೋವಿಯಾದರೋ ಒಂದು ಯಂತ್ರ. ಅದನ್ನು ಕೈಗೆತ್ತಿಕೊಂಡವನಿಗೆ ಅದು ಕೆಲಸ ಮಾಡುವುದನ್ನು ಕಾಣಬೇಕೆಂಬ ಆಸೆ ಹುಟ್ಟುವುದು ಸಹಜ. ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ ಮೊದಲಾದ ದೇಶಗಳಲ್ಲಿ ನೂರೈವತ್ತು ಇನ್ನೂರು ವರ್ಷಗಳಷ್ಟು ಹಳೆಯ ಕೋವಿಗಳನ್ನೋ ಅವುಗಳ ಪ್ರತಿಕೃತಿಗಳನ್ನೋ ಹಿಡಿದು ಗುರಿಯ ಪಂದ್ಯ ನಡೆಸುವ ಸಂಘಗಳಿವೆ. ನಮ್ಮ ಕೊಡಗಿನಲ್ಲಿ ಇದು ಹವ್ಯಾಸಕ್ಕಿಂತ ಹಿರಿದಾದುದು. ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಯನ್ನು ತೊಳೆದಿಟ್ಟು, ಅದರ ತುದಿಗೆ ಕೋವಿಹೂವನ್ನು ಮುಡಿಸಿ ಪೂಜಿಸುತ್ತಾರೆ. ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿತು. ಉಳಿದವರು ಕೋವಿ ಇಟ್ಟುಕೊಳ್ಳಬೇಕಾದರೆ 1959ರ ಆಯುಧ ಕಾಯಿದೆಯಂತೆ ಪರವಾನಗಿ ಬೇಕೇ ಬೇಕು.

ಹಳೆಯ ಕೋವಿಯನ್ನು ಹಿಡಿದ ಹವ್ಯಾಸಿಯ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಇದರ ಗುಂಡು ಗುರಿಗೆ ತಗಲೀತೆ? ಇದಕ್ಕೆ ಯಾವ ಮದ್ದನ್ನು ಹಾಕಬೇಕು? ಮೊದಲನೆಯದಕ್ಕೆ ತಪ್ಪು ಉತ್ತರ ಕೊಟ್ಟರೆ ತೆಂಗಿನಕಾಯಿ ಉಳಿದುಕೊಳ್ಳುತ್ತದೆ. ಎರಡನೆಯದಕ್ಕೆ ತಪ್ಪು ಉತ್ತರ ಕೊಟ್ಟರೆ ಕೈಯೋ ಕಣ್ಣೋ ಹೋಗುತ್ತದೆ. ಎರಡಕ್ಕೂ ಬೇಕಾದ ಭೌತವಿಜ್ಞಾನ ಕಾಲೇಜಿನ ಮೊದಲ ವರ್ಷದ ಪಾಠಗಳಲ್ಲೇ ಇದೆ.

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಸಿಪಾಯಿಯ ಕೋವಿಯನ್ನು, 'ಬ್ರೌನ್ ಬೆಸ್' ಎಂದು ಹೆಸರಾದುದನ್ನು, ನೋಡೋಣ. ಅದರ ನಳಿಗೆಯ ಒಳವ್ಯಾಸ ಮುಕ್ಕಾಲು ಅಂಗುಲ, ಎಂದರೆ 19 ಮಿಲಿಮೀಟರು. ಒಳಮೈ ನುಣುಪಾಗಿರುತ್ತದೆ. ಗುಂಡು ಸೀಸದ ಗೋಲಿ. ಅದರ ವ್ಯಾಸ ಸುಮಾರು 17.5 ಮಿಲಿಮೀಟರು, ತೂಕ ಸುಮಾರು 32 ಗ್ರಾಂ. ಗುಂಡಿಗೂ ನಳಿಗೆಗೂ ನಡುವೆ ಒಂದೂವರೆ ಮಿಲಿಮೀಟರಿನಷ್ಟು ಸಡಿಲ ಬಿಟ್ಟಿರುವುದು ಬೇಕೆಂದೇ. ಬಾಯಿಯ ಕಡೆಯಿಂದ ಮದ್ದನ್ನೂ ಗುಂಡನ್ನೂ ತುಂಬಬೇಕಾದ ಕೋವಿಯಲ್ಲಿ ನಾಲ್ಕಾರು ಸಲ ಹಾರಿಸುವಷ್ಟರಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ಗುಂಡು ಬಿಗಿಯಾಗಿದ್ದರೆ ಒಳಗಿಳಿಯದು. ಈ ಸಡಿಲದ ಫಲವಾಗಿ ಗುಂಡು ನಳಿಗೆಯ ಗೋಡೆಗಳಿಗೆ ತಾಗುತ್ತ ಪುಟಿಯುತ್ತ ಬಂದು, ಕಡೆಗೆ ಯಾವ ಗೋಡೆಗೆ ತಾಗಿತೋ ಅದು ತಳ್ಳಿದ ಕಡೆಗೆ ಹೊರಡುತ್ತದೆ. ನೂರು ಗಜದಾಚೆ ನಿಂತ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು. ಅಂದಿನ ಸೈನ್ಯಗಳು ಸಾಲುಗಟ್ಟಿ ನಿಂತು ಒಮ್ಮೆಲೇ ಗುಂಡು ಹಾರಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಈ ವಿಷಯವನ್ನು ಮೊತ್ತಮೊದಲು ಅಳತೆಯಿಂದ ಬಿಡಿಸಿದವನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ಫಿರಂಗಿವಿದ್ಯೆಯ ಹೊಸ ತತ್ತ್ವಗಳನ್ನು ಕುರಿತ ಅವನ ಗ್ರಂಥ 1742ರಲ್ಲಿ ಹೊರಬಂದಿತು. ಮೂರು ವರ್ಷಗಳ ಬಳಿಕ ಮಹಾಗಣಿತಜ್ಞ ಆಯ್ಲರನೇ ಅದನ್ನು ಜರ್ಮನ್ ಭಾಷೆಗೆ ತಂದು, ಮೂಲಕ್ಕಿಂತ ದೊಡ್ಡದಾದ ವ್ಯಾಖ್ಯಾನವನ್ನು ಸೇರಿಸಿದನು. ಈಸ್ಟ್ ಇಂಡಿಯಾ ಕಂಪೆನಿಯ ಇಂಜಿನಿಯರನಾಗಿ ರಾಬಿನ್ಸನು 1750ರಲ್ಲಿ ನಮ್ಮ ದೇಶಕ್ಕೆ ಬಂದು, ಮರುವರ್ಷವೇ ಕಡಲೂರಿನ ಬಳಿಯ ಸಂತ ಡೇವಿಡ್ ಕೋಟೆಯಲ್ಲಿ ತೀರಿಕೊಂಡನೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಮೆ.

ಹಾರುವ ಗುಂಡಿನ ವೇಗವನ್ನು ಅಳೆಯುವುದು ಹೇಗೆ? ಸೆಕೆಂಡಿನ ಸಾವಿರದ ಒಂದಂಶವನ್ನು ತೋರಿಸುವ ಗಡಿಯಾರ ಅಂದು ಇರಲಿಲ್ಲ. ರಾಬಿನ್ಸನು ಭಾರವಾದ ಒಂದು ಲೋಲಕವನ್ನು ತೂಗುಹಾಕಿ, ಅದರ ಮರದ ಹಲಗೆಗೆ ಗುಂಡು ಹೊಡೆದನು. ಗುಂಡು ಹಲಗೆಯಲ್ಲಿ ನಾಟಿಕೊಂಡಿತು. ಲೋಲಕ ಹಿಂದಕ್ಕೆ ತೂಗಿತು. ಎಷ್ಟು ತೂಗಿತೆಂಬುದನ್ನು ಅದಕ್ಕೆ ಕಟ್ಟಿದ್ದ ಪಟ್ಟಿಯೊಂದು ತೋರಿಸಿತು. ನಾವೇ ಒಂದು ಲೆಕ್ಕ ಮಾಡೋಣ. 30 ಗ್ರಾಂ ಗುಂಡು ಸೆಕೆಂಡಿಗೆ 450 ಮೀಟರು ವೇಗದಿಂದ ಬಂದು 30 ಕಿಲೋಗ್ರಾಂ ದಿಮ್ಮಿಯಲ್ಲಿ ನಾಟಿತೆನ್ನಿ. ದಿಮ್ಮಿಯು ಗುಂಡಿಗಿಂತ ಸಾವಿರ ಪಾಲು ಭಾರ. ದ್ರವ್ಯರಾಶಿ ವೇಗಗಳ ಗುಣಲಬ್ಧವಾದ ಸಂವೇಗವು ನಷ್ಟವಾಗದೆ ಉಳಿಯುವುದರಿಂದ ದಿಮ್ಮಿಗೆ ಬರುವ ವೇಗ ಸಾವಿರದ ಒಂದು ಪಾಲು, ಸೆಕೆಂಡಿಗೆ 45 ಸೆಂಟಿಮೀಟರು. ಅದು ಸುಮಾರು ಒಂದು ಸೆಂಟಿಮೀಟರು ಮೇಲೇರುತ್ತದೆ. ಅಳೆಯಲಾಗದ ವೇಗವನ್ನು ಅಳೆಯಬಹುದಾದ ಒಂದು ಸೆಂಟಿಮೀಟರಾಗಿ ಮಾರ್ಪಡಿಸಿದುದೇ ಇಲ್ಲಿಯ ಜಾಣತನ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಸ್ಥಳವೂ ಇದೇ. ಇಲ್ಲಿ ಚಲನಶಕ್ತಿಯನ್ನು ಸಮೀಕರಿಸಲಾಗದು. ಗುಂಡಿನ ಶಕ್ತಿ 3,000 ಜೂಲಿಗೂ ಮಿಕ್ಕಿದ್ದು. ತೂಗುವ ದಿಮ್ಮಿಯದು ಕೇವಲ 3 ಜೂಲು. ಉಳಿದುದೆಲ್ಲ ಮರವನ್ನು ಸೀಳುವುದರಲ್ಲಿಯೂ ಸೀಸವನ್ನು ಜಜ್ಜಿ ಬಿಸಿಮಾಡುವುದರಲ್ಲಿಯೂ ವ್ಯಯವಾಗುತ್ತದೆ. ಗುಂಡು ಮಾಡುವ ಗಾಯದ ಘೋರತೆಗೂ ಇದೇ ಕಾರಣ.

ಲೋಲಕವನ್ನು ಕೋವಿಯಿಂದ ಹತ್ತಿರವೂ ದೂರವೂ ಇಟ್ಟು ಹೊಡೆದಾಗ ರಾಬಿನ್ಸನಿಗೆ ಇನ್ನೊಂದು ಸಂಗತಿ ಹೊಳೆಯಿತು. ಗುಂಡಿನ ಮಾರ್ಗ ಪರವಲಯವೆಂದು ಗೆಲಿಲಿಯೋ ಹೇಳಿದ್ದನು. ಗಾಳಿಯಿಲ್ಲದ ಕಡೆ ಅದು ದಿಟ. ಗಾಳಿಯಲ್ಲಿಯಾದರೋ, ಸೆಕೆಂಡಿಗೆ 500 ಮೀಟರು ವೇಗದ ಕೋವಿಗುಂಡಿನ ಮೇಲೆ ಬೀಳುವ ತಡೆ ಅದರ ತೂಕದ ಸುಮಾರು ನೂರು ಪಟ್ಟು! ಗುರುತ್ವಾಕರ್ಷಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿದವನು ನೂರರಲ್ಲಿ ಒಂದು ಬಲವನ್ನು ಗಮನಿಸಿ ತೊಂಬತ್ತೊಂಬತ್ತನ್ನು ಮರೆತಂತಾಯಿತು.

ಇಷ್ಟಾದರೂ ಗುಂಡು ಪಕ್ಕಕ್ಕೆ ಸರಿಯುವುದೇಕೆ? ರಾಬಿನ್ಸನು ಕೋವಿಯ ನಳಿಗೆಯ ತುದಿಯನ್ನು ತುಸು ಎಡಕ್ಕೆ ಬಗ್ಗಿಸಿ, ತೆಳು ಕಾಗದದ ತೆರೆಗಳ ಮೂಲಕ ಗುಂಡು ಹಾರಿಸಿದನು. ತೆರೆಯಲ್ಲಿ ಬಿದ್ದ ತೂತುಗಳನ್ನು ನೋಡಿದರೆ, ಗುಂಡು ಮೊದಲು ಎಡಕ್ಕೆ ಹೊರಟು, ಮುಂದೆ ಬಾಗಿ ಬಲಕ್ಕೆ ದಾಟಿಹೋಗಿತ್ತು. ಎಡಕ್ಕೆ ಬಾಗಿದ ನಳಿಗೆಯಲ್ಲಿ ಗುಂಡು ಬಲಗೋಡೆಯನ್ನು ಉಜ್ಜಿಕೊಂಡು ಬರುತ್ತದೆ. ಆ ಉಜ್ಜಾಟದಿಂದ ಅದಕ್ಕೆ ತಿರುಗುವಿಕೆ ಬರುತ್ತದೆ. ತಿರುಗುವ ಗೋಳದ ಒಂದು ಪಕ್ಕದಲ್ಲಿ ಗಾಳಿ ಬೇಗನೆ ಸಾಗಿ ಒತ್ತಡ ತಗ್ಗುವುದರಿಂದ ಗೋಳ ಆ ಪಕ್ಕಕ್ಕೆ ಸರಿಯುತ್ತದೆ. ಕ್ರಿಕೆಟ್ಟಿನಲ್ಲಿ ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ವಾಲುವುದೂ ಹೀಗೆಯೇ. ಆಯ್ಲರನು ಇದನ್ನು ಒಪ್ಪದೆ, ಗುಂಡು ಸರಿಯಾಗಿ ದುಂಡಗಿಲ್ಲದಿದ್ದುದೇ ಕಾರಣವೆಂದನು. ದೊಡ್ಡವರ ಮಾತು ನಿಂತಿತು. ನೂರು ವರ್ಷಗಳಾದ ಬಳಿಕ, 1852ರಲ್ಲಿ, ಬರ್ಲಿನ್ನಿನ ಮ್ಯಾಗ್ನಸ್ ಎಂಬಾತನು ಪ್ರಯೋಗಗಳಿಂದ ಅದನ್ನು ಸ್ಥಿರಪಡಿಸಿದನು. ಈಗ ಅದಕ್ಕೆ ಮ್ಯಾಗ್ನಸ್ ಪರಿಣಾಮವೆಂದೇ ಹೆಸರು. ರಾಬಿನ್ಸನ ಹೆಸರಿನಿಂದ ಕರೆದಿದ್ದರೆ ಹೆಚ್ಚು ನ್ಯಾಯವಾಗುತ್ತಿತ್ತು.

ತಿರುಗುವಿಕೆಯೇ ದೋಷವೆಂದಾದರೆ ಅದಕ್ಕೆ ಪರಿಹಾರವೂ ತಿರುಗುವಿಕೆಯೇ ಎಂಬುದು ವಿಚಿತ್ರವಾಗಿ ತೋರಬಹುದು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದರೆ, ಬಿಗಿಯಾದ ಗುಂಡು ಅವುಗಳನ್ನು ಹಿಡಿದುಕೊಂಡು ತಿರುಪಿನಂತೆ ತಿರುಗುತ್ತ ಬರುತ್ತದೆ. ಈಗ ತಿರುಗುವಿಕೆಯ ಅಕ್ಷವು ಹಾರುವ ದಿಕ್ಕಿನಲ್ಲೇ ಇರುವುದರಿಂದ ಯಾವ ಪಕ್ಕಕ್ಕೂ ಹೆಚ್ಚಿನ ಒತ್ತಡವಿಲ್ಲ. ಇಂಥ ಕೋವಿಯೇ ರೈಫಲ್. ಇದಕ್ಕಿಂತ ದೊಡ್ಡ ಲಾಭವೆಂದರೆ ಗೋಲಿಯ ಬದಲು ನೀಳವಾದ ಗುಂಡನ್ನು ಬಳಸಲು ಸಾಧ್ಯವಾದುದು. ನೀಳವಾದ ಗುಂಡಿನಲ್ಲಿ ಗಾಳಿಯ ಒತ್ತಡದ ಕೇಂದ್ರವು ಭಾರಕೇಂದ್ರಕ್ಕಿಂತ ಮುಂದಿರುತ್ತದೆ. ಸುಮ್ಮನೆ ಎಸೆದರೆ ಅದು ಪಲ್ಟಿ ಹೊಡೆಯುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ತನ್ನ ಮೂತಿಯನ್ನು ಮುಂದಕ್ಕೆ ಹಿಡಿದೇ ಸಾಗುತ್ತದೆ.

ಸುರುಳಿಗೀರುಗಳು ಯುರೋಪಿನ ಬೇಟೆಗಾರರಿಗೆ ರಾಬಿನ್ಸನಿಗಿಂತ ಬಹಳ ಹಿಂದೆಯೇ ಗೊತ್ತಿದ್ದುವು. ತೊಡಕು ಇದ್ದುದು ತುಂಬುವುದರಲ್ಲಿ. ಬಿಗಿಯಾದ ಗುಂಡನ್ನು ಬಾಯಿಯಿಂದ ಬುಡದವರೆಗೆ ಗಿಡಿಯುವಷ್ಟರಲ್ಲಿ ಶತ್ರು ಮೈಮೇಲೆ ಬಂದಿರುತ್ತಿದ್ದನು. ಫ್ರಾನ್ಸಿನ ಮಿನ್ಯೇ 1849ರಲ್ಲಿ ಇದಕ್ಕೆ ಉಪಾಯ ಕಂಡನು. ಅವನ ಗುಂಡು ಸಡಿಲವಾಗಿಯೇ ಒಳಗಿಳಿಯುತ್ತಿತ್ತು. ಅದರ ಬುಡ ಟೊಳ್ಳು. ಮದ್ದು ಉರಿದಾಗ ಆ ಬುಡ ಅರಳಿ ಗೀರುಗಳನ್ನು ಕಚ್ಚಿಕೊಳ್ಳುತ್ತಿತ್ತು. ಇದೇ ತತ್ತ್ವದ ಮೇಲೆ 1853ರ ಎನ್‌ಫೀಲ್ಡ್ ರೈಫಲ್ ತಯಾರಾಯಿತು. ಗುಂಡು ಜಾರಲೆಂದೂ ಮಸಿ ಮೆತ್ತಗಾಗಲೆಂದೂ ಅದರ ಕಾಗದದ ತೋಟಾಗಳಿಗೆ ಜಿಡ್ಡು ಸವರುತ್ತಿದ್ದರು. ಆ ಜಿಡ್ಡು ಯಾವ ಪ್ರಾಣಿಯದೆಂಬ ಸಂಶಯ 1857ರಲ್ಲಿ ಏನು ಮಾಡಿತೆಂಬುದನ್ನು ಇತಿಹಾಸದ ಪುಸ್ತಕಗಳಲ್ಲಿ ಓದಿದ್ದೇವೆ.

ಎನ್‌ಫೀಲ್ಡಿನ ಗೀರುಗಳು 78 ಅಂಗುಲಕ್ಕೆ ಒಂದು ಸುತ್ತು ಸುತ್ತುತ್ತಿದ್ದುವು. ಜೋಸೆಫ್ ವ್ಹಿಟ್ವರ್ತ್ ಎಂಬ ಇಂಜಿನಿಯರನು ಅದನ್ನು 20 ಅಂಗುಲಕ್ಕೆ ಇಳಿಸಿ, ನಳಿಗೆಯನ್ನು ಆರು ಮೂಲೆಯದಾಗಿ ಕೊರೆದು, ಅದಕ್ಕೆ ಹೊಂದುವ ನೀಳ ಗುಂಡನ್ನು ಮಾಡಿಸಿದನು. 1860ರ ಜುಲೈ 2ರಂದು ವಿಂಬಲ್ಡನ್ನಿನ ಬಯಲಿನಲ್ಲಿ ವಿಕ್ಟೋರಿಯಾ ರಾಣಿಯು ಗುರಿಕಾರರ ಮೊದಲ ಪಂದ್ಯವನ್ನು ಆರಂಭಿಸಿದುದು ಈ ರೈಫಲಿನಿಂದ. ಅದನ್ನು ಒಂದು ಆಧಾರದ ಮೇಲೆ ಭದ್ರವಾಗಿ ಕೂರಿಸಿದ್ದರು. ರಾಣಿ ರೇಷ್ಮೆಯ ದಾರವೊಂದನ್ನು ಎಳೆದಳು, ಅಷ್ಟೆ. 400 ಗಜ ದೂರದ ಗುರಿಯಲ್ಲಿ ಗುಂಡು ನಡುವಿನಿಂದ ಒಂದೂಕಾಲು ಅಂಗುಲದಷ್ಟೇ ದೂರಕ್ಕೆ ಬಡಿದಿತ್ತು. ನೂರು ಗಜಕ್ಕೆ ಮನುಷ್ಯನನ್ನೇ ತಪ್ಪುತ್ತಿದ್ದ ಕೋವಿಯೆಲ್ಲಿ, ಇದೆಲ್ಲಿ! ವ್ಹಿಟ್ವರ್ತ್ ರೈಫಲುಗಳನ್ನು ಹಿಡಿದು ದೂರದ ಗುರಿಗೆ ಹೊಡೆಯುವ ಹವ್ಯಾಸಿಗಳು ಇಂದಿಗೂ ಇದ್ದಾರೆ.

ಇಂದಿನ ಪಂದ್ಯಗಳ ಸೂಕ್ಷ್ಮತೆ ಇದನ್ನೂ ಮೀರಿಸಿದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದ 50 ಮೀಟರು ರೈಫಲ್ ಪಂದ್ಯದಲ್ಲಿ ಗುರಿಯ ನಡುವಣ ವೃತ್ತದ ವ್ಯಾಸ 10.4 ಮಿಲಿಮೀಟರು. ಗುಂಡು ಆ ದೂರವನ್ನು ಕ್ರಮಿಸಲು ಸುಮಾರು 0.16 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ, ಕೈಯಿಂದ ಬಿಟ್ಟ ಕಲ್ಲಿನಂತೆಯೇ, 12 ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಗುಂಡು ನೇರವಾಗಿ ಹೋಗುತ್ತದೆ ಎಂಬುದು ಕಥೆಗಾರರ ಮಾತು. ಗುರಿಕಾರನ ನಳಿಗೆ ಯಾವಾಗಲೂ ತುಸು ಮೇಲಕ್ಕೆ ನೋಡುತ್ತಿರುತ್ತದೆ.

ಇನ್ನು ಮದ್ದಿನ ವಿಷಯ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಕರಿಮದ್ದೇ ಹಳೆಯ ಕೋವಿಗಳೆಲ್ಲಕ್ಕೂ ಆಹಾರ. ಉರಿದಾಗ ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನವಸ್ತುವಾಗಿಯೇ ಉಳಿಯುತ್ತದೆ; ಹೊಗೆಯೂ ಮಸಿಯೂ ಅದೇ. 1884ರಲ್ಲಿ ಫ್ರಾನ್ಸಿನ ವಿಯೇಯ್ ಎಂಬಾತನು ನೈಟ್ರೊಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ಮಾಡಿದನು. ಅದು ಬಹುಮಟ್ಟಿಗೆ ಪೂರ್ತಿಯಾಗಿ ಅನಿಲವಾಗುತ್ತದೆ. ಅಷ್ಟೇ ಅಲ್ಲ, ಒತ್ತಡ ಏರಿದಂತೆಲ್ಲ ಅದು ಉರಿಯುವ ವೇಗವೂ ಬಹುವಾಗಿ ಏರುತ್ತದೆ. ವೇಗ ಏರಿದಂತೆ ಒತ್ತಡ ಮತ್ತಷ್ಟು ಏರುತ್ತದೆ. ಕರಿಮದ್ದಿನಲ್ಲಿ ಈ ಗುಣ ಅಲ್ಪ. ಇಂದಿನ ರೈಫಲುಗಳಲ್ಲಿ ಒತ್ತಡ ವಾತಾವರಣದ 4,000 ಪಟ್ಟಿನವರೆಗೆ ಹೋಗುವುದುಂಟು. ಅದಕ್ಕೆ ತಕ್ಕ ಉಕ್ಕಿನಿಂದ ಅವುಗಳನ್ನು ಮಾಡಿರುತ್ತಾರೆ.

ಈ ಒತ್ತಡವೇ ಬ್ರೌನ್ ಬೆಸ್ಸಿನ ನಳಿಗೆಯಲ್ಲಿ ಹುಟ್ಟಿತೆನ್ನಿ. ನಳಿಗೆಯ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 2.8 ಚದರ ಸೆಂಟಿಮೀಟರು. ಬುಡದ ಬಿರಡೆಯ ಮೇಲೆ, ಎಂದರೆ ಹೊಡೆಯುವವನ ಕೆನ್ನೆಯ ಸಮೀಪದಲ್ಲಿ, ಬೀಳುವ ಬಲ 11 ಟನ್ನಿನಷ್ಟು. ಎರಡು ಸಲಗಗಳ ತೂಕಕ್ಕೂ ಮಿಕ್ಕುದು. ನಳಿಗೆಯ ಗೋಡೆ 7 ಮಿಲಿಮೀಟರು ದಪ್ಪವೆಂದು ಇಟ್ಟುಕೊಂಡರೆ, ಕೊಳವೆಯ ಸರಳ ಸೂತ್ರದಂತೆ ಅದನ್ನು ಸೀಳುವ ಎಳೆತ ಚದರ ಸೆಂಟಿಮೀಟರಿಗೆ 5,400 ಕಿಲೋಗ್ರಾಂ. ಒಳಮೈಯಲ್ಲಿ ಇನ್ನೂ ಹೆಚ್ಚು. ಹಳೆಯ ಕಾಲದ ಬಡಿದ ಕಬ್ಬಿಣ ತಡೆಯುವುದು ಸುಮಾರು 3,500. ಮುಂದಿನದನ್ನು ಹೇಳಬೇಕಾಗಿಲ್ಲ.

ಕೆಲವು ಹಳೆಯ ಜೋಡುನಳಿಗೆ ಕೋವಿಗಳ ಮೇಲೆ ಹಾವಿನ ಮೈಯಂತೆ ಸುಂದರವಾದ ಸುರುಳಿ ಚಿತ್ತಾರ ಕಾಣುತ್ತದೆ. ಅದು ಅಲಂಕಾರವಲ್ಲ. ಕಬ್ಬಿಣದ ಮತ್ತು ಉಕ್ಕಿನ ಪಟ್ಟಿಗಳನ್ನು ಕಾಯಿಸಿ, ಸರಳಿನ ಸುತ್ತ ಸುತ್ತಿ, ಬಡಿದು ಬೆಸೆದ ಗುರುತು. ನಳಿಗೆಯ ಉದ್ದಕ್ಕೂ ಬೆಸುಗೆಯೇ. ನೂರು ವರ್ಷಗಳ ತುಕ್ಕು ಯಾವ ಬೆಸುಗೆಯ ಒಳಗೆ ಕುಳಿತಿದೆಯೆಂಬುದು ಹೊರಗಿನಿಂದ ಕಾಣದು. ಬಲ್ಲ ಸಂಗ್ರಾಹಕನು ಚಿತ್ತಾರವನ್ನು ಮೆಚ್ಚುವ ಮೊದಲು ನಳಿಗೆಯ ಬುಡದ ಮುದ್ರೆಗಳನ್ನು ಹುಡುಕುತ್ತಾನೆ. ಲಂಡನ್ನಿನಲ್ಲಿಯೂ ಬರ್ಮಿಂಗ್‌ಹ್ಯಾಮಿನಲ್ಲಿಯೂ ಕೋವಿಗಳನ್ನು ಮಾರುವ ಮುನ್ನ ಮಿತಿಮೀರಿದ ಮದ್ದಿನಿಂದ ಪರೀಕ್ಷಿಸಿ ಮುದ್ರೆಯೊತ್ತುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹೊಸ ಮದ್ದಿಗೆ ಪರೀಕ್ಷೆಯಾದುದರ ಮೇಲೆ 'ನೈಟ್ರೊ ಪ್ರೂಫ್' ಎಂಬ ಮುದ್ರೆಯಿರುತ್ತದೆ. ಆ ಮುದ್ರೆಯೂ ಅಂದಿನ ಸ್ಥಿತಿಗೆ ಸಾಕ್ಷಿಯೇ ಹೊರತು ಇಂದಿನದಕ್ಕಲ್ಲ; ಬಳಿಕ ಒಳಗೆ ಉಜ್ಜಿ ತೆಳುವಾಗಿಸಿದ್ದರೆ ಅದರ ಮಾತು ನಡೆಯದು. ಬಲ್ಲ ಕೋವಿಗಾರನು ಅಳೆದು ನೋಡದೆ ಅಂಥದನ್ನು ಹಾರಿಸಲಾಗದು.

ಕರಿಮದ್ದಿನಲ್ಲಿಯೂ ಒಂದು ಅಪಾಯವಿದೆ. ಗುಂಡು ಮದ್ದಿಗೆ ಒತ್ತಿಕೊಂಡು ಕೂರಬೇಕು. ಅದು ನಡುದಾರಿಯಲ್ಲಿ ಸಿಕ್ಕಿಕೊಂಡು ನಡುವೆ ತೆರಪು ಉಳಿದರೆ, ವೇಗವಾಗಿ ಬಂದ ಅನಿಲ ನಿಂತ ಗುಂಡಿಗೆ ಅಪ್ಪಳಿಸಿ, ಆ ಸ್ಥಳದಲ್ಲೇ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಅದಕ್ಕಾಗಿ ಅನುಭವಿಗಳು ಗಿಡಿಯುವ ಸಲಾಕೆಯ ಮೇಲೆ ಗುರುತು ಮಾಡಿಟ್ಟಿರುತ್ತಾರೆ. ಗುಂಡು ತಳಕ್ಕೆ ಮುಟ್ಟಿದಾಗ ಆ ಗುರುತು ಸರಿಯಾಗಿ ನಳಿಗೆಯ ಬಾಯಿಗೆ ಬರಬೇಕು.

ಹಾರಿಸಿಯಾದ ಮೇಲೆ ಹಳೆಯ ಕೋವಿಯನ್ನು ಅಂದೇ ತೊಳೆಯಬೇಕು. ಕರಿಮದ್ದಿನ ಮಸಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ನಳಿಗೆಯೊಳಗೆ ತುಕ್ಕು ಕಾಣಿಸಿಕೊಂಡೀತು. ಎಣ್ಣೆ ಮಾತ್ರ ಸವರಿದರೆ ಪ್ರಯೋಜನವಿಲ್ಲ, ಏಕೆಂದರೆ ಲವಣ ಎಣ್ಣೆಯಲ್ಲಿ ಕರಗದು. ಮೊದಲು ಬಿಸಿನೀರು, ಬಳಿಕ ಒಣಬಟ್ಟೆ, ಕಡೆಯಲ್ಲಿ ಎಣ್ಣೆ. ಬಿಸಿನೀರೇ ಏಕೆಂದರೆ, ಅದು ಲವಣವನ್ನು ಬೇಗ ಕರಗಿಸುವುದಲ್ಲದೆ ನಳಿಗೆಯನ್ನೂ ಕಾಯಿಸುತ್ತದೆ. ಬಟ್ಟೆಗೆ ಸಿಕ್ಕದ ಹನಿಗಳು ಆ ಕಾವಿಗೆ ತಾವಾಗಿಯೇ ಆರಿಹೋಗುತ್ತವೆ.