ಕಡಲಾಚೆಯ ವಿದ್ಯೆ, ಒಡಲೊಳಗಿನ ವೈರಾಣು

ಶಿವಮೊಗ್ಗೆಯ ವಿದ್ಯಾನಗರದಂತಹ ಬಡಾವಣೆಗಳಲ್ಲಿ ಮಗನೋ ಮಗಳೋ ಉನ್ನತ ವ್ಯಾಸಂಗಕ್ಕೆಂದು ಕಡಲಾಚೆಗೆ ಹೊರಡುವುದೆಂದರೆ ಮನೆಗೆ ಮನೆಯೇ ಸಂಭ್ರಮಿಸುವ ಸಂಗತಿ. ಬ್ಯಾಂಕಿನ ಸಾಲ, ಪಾಸ್‌ಪೋರ್ಟು, ಚಟ್ನಿಪುಡಿಯ ಡಬ್ಬಿ ಎಲ್ಲವೂ ಅಣಿಯಾಗುತ್ತಿರುವಾಗ, ರಕ್ತಪರೀಕ್ಷೆಯ ಕಾಗದವೊಂದು ಎಚ್.ಐ.ವಿ. ಸೋಂಕನ್ನು ಸಾರಿದರೆ? ಆ ವಿದ್ಯಾರ್ಥಿಯ ಎದೆಯಲ್ಲಿ ಏಳುವ ಪ್ರಶ್ನೆಗಳು ಎರಡು: ಬದುಕುಂಟೆ? ಪಯಣವುಂಟೆ?

ಮೊದಲನೆಯದಕ್ಕೆ ವೈದ್ಯಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ೧೯೮೬ರಲ್ಲಿ ಮದರಾಸಿನ ಡಾ. ಸುನೀತಿ ಸಾಲೋಮನ್ ಮತ್ತು ಅವರ ಶಿಷ್ಯೆ ಸೆಲ್ಲಪ್ಪನ್ ನಿರ್ಮಲಾ ಭಾರತದ ಪ್ರಥಮ ಸೋಂಕುಗಳನ್ನು ಪತ್ತೆಹಚ್ಚಿದಾಗ ಇದಕ್ಕೆ ಮದ್ದೇ ಇರಲಿಲ್ಲ. ವೈರಾಣುವನ್ನು ನಿರ್ಮೂಲಗೊಳಿಸುವ ಔಷಧ ಇಂದಿಗೂ ರೂಢಿಗೆ ಬಂದಿಲ್ಲವಾದರೂ ಅದನ್ನು ಅಡಗಿಸಿಡುವ ಔಷಧವುಂಟು. ೨೦೦೪ರ ಏಪ್ರಿಲ್ ೧ರಿಂದ ಭಾರತ ಸರ್ಕಾರ ಇದನ್ನು ಉಚಿತವಾಗಿ ನೀಡುತ್ತ ಬಂದಿದೆ. ೨೦೧೭ರಿಂದ ಸೋಂಕು ಖಚಿತವಾದ ಪ್ರತಿಯೊಬ್ಬರೂ ಇದಕ್ಕೆ ಅರ್ಹರು. ಟೆನೊಫೊವಿರ್, ಲ್ಯಾಮಿವುಡಿನ್, ಡಾಲುಟೆಗ್ರಾವಿರ್ ಮೂರೂ ಅಡಕವಾದ ಗುಳಿಗೆ ದಿನಕ್ಕೊಂದೇ ಸಾಕು. ತಪ್ಪದೆ ಸೇವಿಸಿದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ರಕ್ತದ ವೈರಾಣು ಪರೀಕ್ಷೆಗೂ ಸಿಗದಷ್ಟು ಕುಗ್ಗುತ್ತದೆ. ಆ ಸ್ಥಿತಿಯನ್ನು ಉಳಿಸಿಕೊಂಡವರಿಂದ ದಾಂಪತ್ಯಸಂಬಂಧದಲ್ಲಿಯೂ ಸೋಂಕು ಹರಡದು.

ಎರಡನೆಯ ಪ್ರಶ್ನೆಗೆ ಉತ್ತರ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕವು ೧೯೮೭ರಲ್ಲಿ ಹಾಕಿದ್ದ ಪ್ರವೇಶನಿಷೇಧವನ್ನು ೨೦೧೦ರ ಜನವರಿಯಲ್ಲಿ ತೆಗೆದುಹಾಕಿತು. ಬ್ರಿಟನ್ ದೀರ್ಘಾವಧಿಯ ವೀಸಾಕ್ಕೆ ಭಾರತೀಯರಿಂದ ಕ್ಷಯರೋಗದ ತಪಾಸಣೆಯನ್ನು ಕೇಳುತ್ತದೆ, ಎಚ್.ಐ.ವಿ. ಪರೀಕ್ಷೆಯನ್ನು ಕೇಳುವುದಿಲ್ಲ, ಇಂಗ್ಲೆಂಡಿನಲ್ಲಿ ೨೦೧೨ರ ಅಕ್ಟೋಬರಿನಿಂದ ಪರದೇಶಿಗಳಿಗೂ ಇದರ ಚಿಕಿತ್ಸೆ ಉಚಿತ. ಆದರೆ ನಮ್ಮ ಹಲವು ಮಕ್ಕಳು ವೈದ್ಯಶಿಕ್ಷಣಕ್ಕೆ ಹೋಗುವ ರಷ್ಯಾ, ಮೂರು ತಿಂಗಳಿಗೂ ಮಿಕ್ಕಿ ನೆಲೆಸುವವರಿಂದ ಸೋಂಕಿಲ್ಲವೆಂಬ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತದೆ. ಆದುದರಿಂದ ಶುಲ್ಕ ಕಟ್ಟುವುದಕ್ಕೆ ಮುನ್ನವೇ ಆಯಾ ದೇಶದ ನಿಯಮವನ್ನು ವಿಚಾರಿಸಿಕೊಳ್ಳುವುದು ಜಾಣತನ.

ಹೊರಡುವ ಮುನ್ನ ಚಿಕಿತ್ಸೆ ಆರಂಭವಾಗಿರಬೇಕು. ಮೈ ಒಗ್ಗುವವರೆಗೆ ಒಂದು ಸೆಮಿಸ್ಟರು ತಡವಾದರೂ ವಿದ್ಯೆಗೆ ನಷ್ಟವಿಲ್ಲ. ಔಷಧಗಳ ಮೂಲನಾಮಗಳನ್ನು ನಮೂದಿಸಿದ ವೈದ್ಯರ ಪತ್ರ, ಇತ್ತೀಚಿನ ಪರೀಕ್ಷಾವರದಿಗಳು, ಮೊದಲ ಕೆಲವು ತಿಂಗಳ ಗುಳಿಗೆಗಳು ಕೈಚೀಲದಲ್ಲಿಯೇ ಇರಲಿ. ದೊಡ್ಡ ಪೆಟ್ಟಿಗೆ ವಿಮಾನನಿಲ್ದಾಣದಲ್ಲಿ ಕಳೆದುಹೋಗುವುದುಂಟು. ಅಲ್ಲಿ ತಲಪಿದೊಡನೆ ಚಿಕಿತ್ಸಾಲಯದಲ್ಲಿ ಹೆಸರು ನೋಂದಾಯಿಸಬೇಕು. ವಿಮೆಯ ಕರಾರಿನಲ್ಲಿ ಮೊದಲೇ ಇದ್ದ ಕಾಯಿಲೆಗೆ ಏನು ಬರೆದಿದೆಯೆಂಬುದನ್ನೂ ಓದಬೇಕು.

ಇನ್ನುಳಿದುದು ಮನೆಯ ಮಾತು. ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರ ಸೆಪ್ಟೆಂಬರ್ ೧೦ರಂದು ಜಾರಿಗೆ ಬಂದ ಕಾಯಿದೆ, ಸೋಂಕಿತರ ಗುಟ್ಟನ್ನು ರಕ್ಷಿಸುತ್ತದೆ. ಶಿಕ್ಷಣದಲ್ಲಿ ಅವರಿಗೆ ಭೇದವೆಣಿಸುವುದನ್ನು ನಿಷೇಧಿಸುತ್ತದೆ. ಯಾರಿಗೆ, ಯಾವಾಗ ಹೇಳಬೇಕೆಂಬುದು ಆ ವಿದ್ಯಾರ್ಥಿಯ ವಿವೇಚನೆಗೆ ಬಿಟ್ಟದ್ದು. ಹೇಳಿಕೊಳ್ಳಲು ಯಾರೂ ಇಲ್ಲವೆನಿಸಿದಾಗ ೧೦೯೭ ಎಂಬ ಉಚಿತ ಸಹಾಯವಾಣಿಯುಂಟು. ಆದರೂ ಅಪರಿಚಿತ ಊರಿನ ಚಳಿಯಲ್ಲಿ ಒಂಟಿಯಾಗಿ ಗುಳಿಗೆ ನುಂಗುವ ಜೀವಕ್ಕೆ "ಇವತ್ತು ಔಷಧಿ ತೊಗೊಂಡೆಯೇನಪ್ಪಾ?" ಎಂದು ಊರಿನಿಂದ ಕೇಳುವ ತಾಯಿಯ ದನಿಯೊಂದಿದ್ದರೆ, ಆ ಬಲವೇ ಬೇರೆ. ಅಂತಹ ಮಾತನ್ನು ಮಕ್ಕಳು ಧೈರ್ಯವಾಗಿ ತಂದು ಒಪ್ಪಿಸುವಂತೆ ಮನೆಯನ್ನು ಇರಿಸಿಕೊಳ್ಳುವುದು ಹಿರಿಯರ ಹೊಣೆ.