ಮೂಲೆಗಳನ್ನು ದುಂಡಾಗಿಸುವ ಬಗೆ

ಹಳೆಯ ವರ್ಗಚಿತ್ರಗಳನ್ನು ಅಂತರ್ಜಾಲದ ಪುಟದಲ್ಲಿ ಇಡಬಯಸುವ ವಾಚಕರಿಗಾಗಿ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ದಾಂಡೇಲಿಯ ಕಾಗದದ ಮೂಲೆಯನ್ನು ದುಂಡಾಗಿಸಲು ಕತ್ತರಿ ಬೇಕು. ಕತ್ತರಿಸಿದ ತುಂಡು ಮರಳಿ ಕೂಡದು. ಅಂತರ್ಜಾಲದ ಪುಟದ ಮಾತು ಹಾಗಲ್ಲ. ಹಿಂದೆ ಅಲ್ಲಿ ಪ್ರತಿಯೊಂದು ಮೂಲೆಗೂ ಒಂದೊಂದು ಕಿರುಚಿತ್ರವನ್ನು ಜೋಡಿಸುತ್ತಿದ್ದರು. 1996ರಲ್ಲಿ ಹೊರಬಿದ್ದ ಸಿ.ಎಸ್.ಎಸ್. ಎಂಬ ಅಲಂಕಾರಭಾಷೆಯ ಮೂರನೆಯ ಹಂತದಲ್ಲಿ ‘ಬಾರ್ಡರ್-ರೇಡಿಯಸ್’ ಎಂಬ ಸೂತ್ರವು ಸೇರಿದ ಮೇಲೆ ಒಂದೇ ಸಾಲು ಸಾಕಾಯಿತು. ಅದರಲ್ಲಿ ಕೊಡುವ ಅಳತೆಯು, ಕೈವಾರದಿಂದ ಎಳೆಯುವ ವೃತ್ತದ ತ್ರಿಜ್ಯವಿದ್ದಂತೆ. 12 ಪಿಕ್ಸೆಲ್ ಎಂದರೆ ಮೂಲೆಯು ತುಸು ಬಾಗುವದು. ಚೌಕಕ್ಕೆ ಶೇಕಡಾ 50 ಎಂದರೆ ಪೂರ್ಣವೃತ್ತವಾಗುವದು.

ಇಲ್ಲಿಯೇ ಎಚ್ಚರ ಬೇಕು. ಚೌಕವು ವೃತ್ತವಾದಾಗ ಅದರ ಕ್ಷೇತ್ರದಲ್ಲಿ ಶೇಕಡಾ ಸುಮಾರು 21ರಷ್ಟು ಮರೆಯಾಗುವದು. ಒಬ್ಬಳ ಮುಖಚಿತ್ರಕ್ಕೆ ಇದು ಒಪ್ಪುವದು. ಆದರೆ ಹಳಿಯಾಳ, ಜೋಯಿಡಾ, ಮುಂಡಗೋಡಗಳಿಂದ ಬಂದ ಗೆಳತಿಯರೆಲ್ಲ ಸಾಲಾಗಿ ನಿಂತ ವರ್ಗಚಿತ್ರಕ್ಕೆ ಹೀಗೆ ಮಾಡಿದರೆ ಹಿಂದಿನ ಸಾಲಿನ ತುದಿಯವರು ಕಾಣದೆ ಹೋಗುವರು. ಮೂಲಚಿತ್ರಕ್ಕೇನೂ ಕೇಡಿಲ್ಲ, ಸೂತ್ರವನ್ನು ತಿದ್ದಿದೊಡನೆ ಅವರು ಮರಳಿ ಬರುವರು. ಆದುದರಿಂದ ವರ್ಗಚಿತ್ರಕ್ಕೆ ಅಲ್ಪ ಬಾಗು ಸಾಕೆಂದು ನಮ್ಮ ಸೂಚನೆ. ಅಂಚಿನಲ್ಲಿ ನಿಂತವಳನ್ನೂ ಅವಳ ತಾಯಿತಂದೆಗಳು ಕಾಣಬೇಕಲ್ಲವೇ?