ಮನೆಯ ನವೀಕರಣ: ವೆಚ್ಚವೆಷ್ಟು, ಮೌಲ್ಯವೆಷ್ಟು?

ಸಣ್ಣ ವ್ಯಾಪಾರಸ್ಥರಿಗೂ ಕಿರು ಕೈಗಾರಿಕೋದ್ಯಮಿಗಳಿಗೂ ಸ್ವಂತ ಮನೆಯು ವಾಸಸ್ಥಾನ ಮಾತ್ರವಲ್ಲ. ದುಡಿಯುವ ಬಂಡವಾಳದ ಸಾಲಕ್ಕೆ ಬ್ಯಾಂಕಿಗೆ ಒದಗಿಸುವ ಮುಖ್ಯ ಆಧಾರವೂ ಹೌದು. ಸಾಲದ ಮಿತಿಯನ್ನು ಹೆಚ್ಚಿಸಿಕೊಳ್ಳುವ ಮುನ್ನ ಮನೆಯನ್ನು ನವೀಕರಿಸಿದರೆ ಅದರ ಮೌಲ್ಯವೂ ಅಷ್ಟೇ ಏರುವುದೆಂಬ ನಂಬಿಕೆ ಅನೇಕರಲ್ಲಿದೆ. ಹತ್ತು ಲಕ್ಷ ರೂಪಾಯಿ ವ್ಯಯಿಸಿದವರು ಮೌಲ್ಯಮಾಪನ ವರದಿಯಲ್ಲಿಯೂ ಹತ್ತು ಲಕ್ಷದ ಏರಿಕೆಯನ್ನು ನಿರೀಕ್ಷಿಸಿ, ವರದಿ ಬಂದಾಗ ನಿರಾಶರಾಗುತ್ತಾರೆ. ವೆಚ್ಚ ಬೇರೆ, ಮೌಲ್ಯ ಬೇರೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಅರಿಯುವುದು ಹಿತಕರ.

ಲೆಕ್ಕದ ಕ್ರಮ

ಬ್ಯಾಂಕು ನೇಮಿಸುವ ಮೌಲ್ಯಮಾಪಕರು ಸಾಮಾನ್ಯವಾಗಿ ನಿವೇಶನವನ್ನೂ ಕಟ್ಟಡವನ್ನೂ ಪ್ರತ್ಯೇಕವಾಗಿ ಗಣಿಸುತ್ತಾರೆ. ನೆರೆಹೊರೆಯಲ್ಲಿ ನಡೆದ ಮಾರಾಟಗಳನ್ನೂ ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆಯನ್ನೂ ಗಮನಿಸಿ ನಿವೇಶನದ ಬೆಲೆಯನ್ನು ನಿರ್ಧರಿಸಲಾಗುತ್ತದೆ. ಕಟ್ಟಡಕ್ಕಾದರೋ, ಅಂತಹುದೇ ಕಟ್ಟಡವನ್ನು ಇಂದು ಕಟ್ಟಲು ತಗಲುವ ವೆಚ್ಚದಿಂದ ಅದರ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆಯಲಾಗುತ್ತದೆ.

ಉದಾಹರಣೆಗೆ, 1,500 ಚದರ ಅಡಿ ವಿಸ್ತೀರ್ಣದ, 20 ವರ್ಷ ಹಳೆಯದಾದ ಆರ್‌ಸಿಸಿ ಮನೆಯೊಂದನ್ನು ಪರಿಗಣಿಸಬಹುದು. ನಿರ್ಮಾಣ ವೆಚ್ಚ ಚದರ ಅಡಿಗೆ 2,000 ರೂಪಾಯಿ ಎಂದಾದರೆ ಒಟ್ಟು 30 ಲಕ್ಷ ರೂಪಾಯಿ. ಕಟ್ಟಡದ ಆಯುಷ್ಯ 60 ವರ್ಷ, ಕೊನೆಗೆ ಉಳಿಯುವ ಮೌಲ್ಯ ಶೇ. 10 ಎಂದು ಹಿಡಿದರೆ 20 ವರ್ಷಗಳ ಸವಕಳಿ ಶೇ. 30, ಅಂದರೆ 9 ಲಕ್ಷ ರೂಪಾಯಿ. ಕಟ್ಟಡದ ಮೌಲ್ಯ 21 ಲಕ್ಷ ರೂಪಾಯಿಗೆ ಇಳಿಯುತ್ತದೆ. ಒಳಗೆ ಎಷ್ಟೇ ಅಲಂಕಾರ ಮಾಡಿದರೂ ನಿವೇಶನದ ಬೆಲೆ ಅದರಿಂದ ಏರದು.

ಯಾವುದಕ್ಕೆ ಬೆಲೆ?

ಸೋರುವ ತಾರಸಿ, ಬಿರುಕು ಬಿಟ್ಟ ಗೋಡೆ, ಹಳೆಯ ವಿದ್ಯುತ್ ತಂತಿ, ತುಕ್ಕು ಹಿಡಿದ ನೀರಿನ ಕೊಳವೆ ಮುಂತಾದವುಗಳ ದುರಸ್ತಿಯು ಕಣ್ಣಿಗೆ ಬೀಳದಿದ್ದರೂ ಕಟ್ಟಡದ ಉಳಿದ ಆಯುಷ್ಯವನ್ನು ಹೆಚ್ಚಿಸುತ್ತದೆ. ದುರಸ್ತಿಯನ್ನು ಮೆಚ್ಚಿದ ಮೌಲ್ಯಮಾಪಕರು ಮೇಲಿನ ಮನೆಯ ವಯಸ್ಸನ್ನು 20ರ ಬದಲು 14 ವರ್ಷವೆಂದು ಪರಿಗಣಿಸಿದರೆ, ಸವಕಳಿ ಶೇ. 21ಕ್ಕೆ ಇಳಿದು ಮೌಲ್ಯ 2.70 ಲಕ್ಷ ರೂಪಾಯಿಯಷ್ಟು ಏರುತ್ತದೆ.

ಅಮೃತಶಿಲೆಯ ನೆಲಹಾಸು, ಗೋಡೆಗೆ ಬಿಗಿದ ಕಪಾಟು, ಫಾಲ್ಸ್ ಸೀಲಿಂಗ್ ಮೊದಲಾದವುಗಳಿಗೆ ವರದಿಯ ನಮೂನೆಯಲ್ಲಿ ಪ್ರತ್ಯೇಕ ಕಲಂ ಇರುತ್ತದೆ. ಸಂಪು, ಕಾಂಪೌಂಡ್ ಗೋಡೆ, ಒಳಚರಂಡಿಗಳಿಗೂ ಸ್ಥಾನವುಂಟು. ಆದರೆ ಅಲಂಕಾರವು ಬೇಗ ಹಳತಾಗುವುದರಿಂದಲೂ ಒಬ್ಬರ ಅಭಿರುಚಿ ಮತ್ತೊಬ್ಬ ಖರೀದಿದಾರರಿಗೆ ಒಪ್ಪಿಗೆಯಾಗದಿರುವುದರಿಂದಲೂ ಅದಕ್ಕೆ ವೆಚ್ಚದ ಒಂದಂಶ ಮಾತ್ರ ದೊರೆಯುವುದು ಸಾಮಾನ್ಯ. ಸೋಫಾ, ಮಂಚಗಳಂತಹ ಬಿಡಿ ವಸ್ತುಗಳು ಸ್ಥಿರಾಸ್ತಿಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಸಾಧಾರಣ ಬಡಾವಣೆಯಲ್ಲಿ ವೈಭವದ ಮನೆ ಕಟ್ಟಿದರೂ ಆ ಬೀದಿಯ ಬೆಲೆಯೇ ಅದಕ್ಕೆ ಮಿತಿಯಾಗುತ್ತದೆ.

ಅನುಮತಿಯಿಲ್ಲದ ಮಹಡಿ

ಹೆಚ್ಚಿನ ನಷ್ಟಕ್ಕೆ ಕಾರಣವಾಗುವುದು ನಕ್ಷೆಯ ಅನುಮೋದನೆಯಿಲ್ಲದೆ ಕಟ್ಟಿದ ಮಹಡಿ. ಬಾಡಿಗೆ ಬರುವುದೆಂಬ ಆಸೆಯಿಂದಲೋ ಸರಕು ದಾಸ್ತಾನಿಗೆಂದೋ ಹಲವರು ಹೀಗೆ ಕಟ್ಟುತ್ತಾರೆ. ಮೌಲ್ಯಮಾಪಕರು ಸ್ಥಳದಲ್ಲಿರುವ ಕಟ್ಟಡವನ್ನು ಅನುಮೋದಿತ ನಕ್ಷೆಯೊಂದಿಗೆ ಹೋಲಿಸುತ್ತಾರೆ. ನಕ್ಷೆ ಮೀರಿದ ಭಾಗವನ್ನು ಬ್ಯಾಂಕು ಲೆಕ್ಕದಿಂದ ಕೈಬಿಡಬಹುದು. ಉಲ್ಲಂಘನೆ ಗಂಭೀರವಾಗಿದ್ದರೆ ಇಡೀ ಆಸ್ತಿಯನ್ನೇ ಆಧಾರವಾಗಿ ಒಪ್ಪದಿರಬಹುದು.

ಕಟ್ಟಡದ ಪೂರ್ಣತಾ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರವನ್ನು ಪರಿಶೀಲಿಸಿದ ನಂತರವೇ ಅದರ ಆಧಾರದ ಮೇಲೆ ಸಾಲ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಬ್ಯಾಂಕುಗಳಿಗೆ ನಿರ್ದೇಶಿಸಿದೆ. ಮುಂದೆಂದಾದರೂ ಸಕ್ರಮವಾದೀತೆಂದು ಕಟ್ಟುವುದೂ ಜಾಣತನವಲ್ಲ. ಕರ್ನಾಟಕದ ಅಕ್ರಮ-ಸಕ್ರಮ ಯೋಜನೆಗೆ ಅದೇ ನ್ಯಾಯಾಲಯವು 2017ರ ಜನವರಿಯಲ್ಲಿ ತಡೆಯಾಜ್ಞೆ ನೀಡಿತ್ತು.

ರಸೀದಿಗಳ ಪ್ರಯೋಜನ

ಮೌಲ್ಯಮಾಪನದಲ್ಲಿ ದೊರೆಯದ ಲಾಭ ತೆರಿಗೆಯಲ್ಲಿ ದೊರೆಯುವ ಸಂದರ್ಭವುಂಟು. ಮುಂದೆ ಮನೆಯನ್ನು ಮಾರಿದಾಗ, ಹೊಸ ಕೋಣೆ ಅಥವಾ ಮಹಡಿಯಂತಹ ಶಾಶ್ವತ ಸುಧಾರಣೆಯ ವೆಚ್ಚವನ್ನು ಬಂಡವಾಳ ಲಾಭದಿಂದ ಕಳೆಯಬಹುದು. ಸುಣ್ಣಬಣ್ಣದಂತಹ ವಾಡಿಕೆಯ ದುರಸ್ತಿಗೆ ಈ ಸೌಲಭ್ಯವಿಲ್ಲ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಹಣದುಬ್ಬರದ ಹೊಂದಾಣಿಕೆಯಿಲ್ಲದೆ ಶೇ. 12.5 ತೆರಿಗೆ ಜಾರಿಗೆ ಬಂದಿತು. ಅದಕ್ಕೂ ಮೊದಲು ಕೊಂಡ ಆಸ್ತಿಯಾದರೆ, ಭಾರತದ ನಿವಾಸಿಗಳಾದ ವ್ಯಕ್ತಿಗಳಿಗೂ ಅವಿಭಕ್ತ ಹಿಂದೂ ಕುಟುಂಬಗಳಿಗೂ ಹೊಂದಾಣಿಕೆಯೊಂದಿಗಿನ ಶೇ. 20ರ ಲೆಕ್ಕದಂತೆ ಬರುವ ತೆರಿಗೆಗಿಂತ ಹೆಚ್ಚು ಹೊರೆಯಾಗದಂತೆ ರಿಯಾಯಿತಿ ನೀಡಲಾಗಿದೆ. ಎರಡೂ ಲೆಕ್ಕಕ್ಕೆ ಬಿಲ್ಲುಗಳು ಬೇಕು. ಆದ್ದರಿಂದ ಗುತ್ತಿಗೆದಾರರಿಗೆ ಚೆಕ್ಕಿನ ಮೂಲಕ ಹಣ ಪಾವತಿಸಿ, ರಸೀದಿಗಳನ್ನು ಮನೆಯ ಪತ್ರಗಳೊಂದಿಗೆ ಜೋಪಾನವಾಗಿಡುವುದು ಲೇಸು.

ಕುಟುಂಬದ ಸುಖಕ್ಕಾಗಿ ಮಾಡುವ ಅಲಂಕಾರಕ್ಕೆ ಯಾರ ಅಡ್ಡಿಯೂ ಇಲ್ಲ. ಅದನ್ನು ಸುಖದ ಖರ್ಚೆಂದೇ ಬರೆದುಕೊಳ್ಳಬೇಕು. ಸಾಲದ ಆಧಾರವನ್ನು ಬಲಪಡಿಸುವುದೇ ಉದ್ದೇಶವಾಗಿದ್ದರೆ ಮೊದಲು ನಕ್ಷೆ ಮತ್ತು ಖಾತೆಯನ್ನು ಸರಿಪಡಿಸಿ, ನಂತರ ತಾರಸಿ, ಕೊಳವೆ, ತಂತಿಗಳತ್ತ ಗಮನ ಹರಿಸಿ, ಕೊನೆಯಲ್ಲಿ ಅಮೃತಶಿಲೆಯ ಯೋಚನೆ ಮಾಡುವುದು ವ್ಯವಹಾರಜ್ಞರ ಲಕ್ಷಣ.